ಸಿದ್ದನ ದನಿಯಲ್ಲಿ ಹಾಜರಿ

ಸಿದ್ದನ ಹೆಸರು ಕರೆದಾಗ ‘ಹಾಜರ್ ರೀ’ ಎಂದವನು ನಾನು. ಅವನ ದನಿಯಲ್ಲೇ ಎಂದೆ. ಆ ಹೊತ್ತಿಗೆ ಸಿದ್ದ ಅಡುಗೆಮನೆಯ ಹಿಂದೆ, ನೆಲದೊಳಗಿನ ನೀರಿನ ಟಾಕಿಯಲ್ಲಿದ್ದ. ಟಾಕಿಯ ಮುಚ್ಚಳ ಮುಚ್ಚಿತ್ತು. ಮುಚ್ಚಿದವನೂ ನಾನೇ. ಮರುದಿನ ಬೆಳಿಗ್ಗೆ ಅವನನ್ನು ಮೇಲೆತ್ತಿದರು. ಓಡಿಹೋಗಲು ಹವಣಿಸಿ ಸತ್ತ ಎಂದು ತೀರ್ಮಾನಿಸಿದರು. ಅವನ ತಾಯಿ ಇವತ್ತಿಗೂ ಅದನ್ನೇ ನಂಬಿಕೊಂಡು ಬದುಕಿದ್ದಾಳೆ.

ಹೇಳಬೇಕಾದದ್ದು ಇಷ್ಟೇ. ಆದರೆ ಇಷ್ಟನ್ನೇ ಹೇಳಿ ಕೈತೊಳೆದುಕೊಂಡರೆ ಅದೂ ಒಂದು ಬಗೆಯ ಸುಳ್ಳು — ಏಳೆಂಟು ವಾಕ್ಯಗಳಲ್ಲಿ ಮುಗಿಯುವಂಥದ್ದಾಗಿದ್ದರೆ ಇಷ್ಟು ವರ್ಷ ಯಾಕೆ ಬೇಕಾಯಿತು? ಉಳಿದದ್ದನ್ನೂ ಬರೆಯುತ್ತೇನೆ. ಓದುವವರು ನನ್ನ ನೆನಪನ್ನು ಪೂರ್ತಿ ನಂಬಬಾರದು. ಇಷ್ಟು ವರ್ಷ ಅದು ನನ್ನ ಪರವಾಗಿ ವಕಾಲತ್ತು ಮಾಡಿಕೊಂಡು ಬಂದಿದೆ. ಅಲ್ಲಲ್ಲಿ ಅದನ್ನು ತಡೆದು, ನಿಲ್ಲಿಸಿ, ಮತ್ತೊಮ್ಮೆ ಕೇಳಬೇಕಾಗುತ್ತದೆ.

ನನಗಾಗ ಹದಿನಾರು. ಹುಬ್ಬಳ್ಳಿಯಲ್ಲಿ ನಿಲ್ಲಿಸಿದ್ದ ಬೈಕುಗಳನ್ನು ತಳ್ಳಿಕೊಂಡು ಹೋಗಿ ಗುಜರಿಗೆ ಹಾಕುವ ಹುಡುಗರ ಜೊತೆ ಸಿಕ್ಕಿಬಿದ್ದು ಧಾರವಾಡಕ್ಕೆ ಬಂದಿದ್ದೆ. ಹದಿನೆಂಟು ತುಂಬದವರನ್ನು ಜೈಲಿಗೆ ಹಾಕುವುದಿಲ್ಲ, ಇಂಥ ಮನೆಯಲ್ಲಿಡುತ್ತಾರೆ. ಸರಕಾರಿ ಕಾಗದಗಳಲ್ಲಿ ಅದಕ್ಕೆ ಮೆತ್ತನೆಯ ಹೆಸರುಗಳಿವೆ. ನಾವು, ಪೊಲೀಸರು, ಆಟೋದವರು — ಎಲ್ಲರೂ ಕರೆಯುತ್ತಿದ್ದದ್ದು ರಿಮ್ಯಾಂಡ್ ಹೋಮ್. ಎಲ್ಲಿತ್ತು ಎಂದು ಹೇಳುವುದಿಲ್ಲ. ಆ ಕಟ್ಟಡ ಈಗಿಲ್ಲ. ಮಾಳಮಡ್ಡಿಯ ಕಡೆಯಿಂದ ರೈಲಿನ ಕೂಗು ಕೇಳುತ್ತಿತ್ತು, ಅಷ್ಟು ಸಾಕು. ಒಳಗೆ ಹೋದ ದಿನವೇ, ಹೇನಾಗುತ್ತವೆಂದು, ತಲೆ ಬೋಳಿಸಿದರು. ಬೆಳಿಗ್ಗೆ ಕವಾಯತು, ಆಮೇಲೆ ಉಪ್ಪಿಟ್ಟು. ಗುರುಗಳು ಬಂದ ದಿನ ಪಾಠ, ಬರದ ದಿನ ಕಸ ಗುಡಿಸುವುದು. ಸಂಜೆ ಪ್ರಾರ್ಥನೆ, ಹಾಜರಿ, ಊಟ, ಬೀಗ. ಹೊಡೆತ ಇರಲಿಲ್ಲವೆಂದಲ್ಲ. ಆದರೆ ನನ್ನನ್ನು ತಿನ್ನುತ್ತಿದ್ದದ್ದು ಹೊಡೆತವಲ್ಲ, ಭಾನುವಾರ. ಭಾನುವಾರ ಮನೆಯವರು ನೋಡಲು ಬರುತ್ತಿದ್ದರು. ನನ್ನ ಕಡೆಯವರು ಯಾರೂ ಬರಲಿಲ್ಲ. ಒಮ್ಮೆಯೂ.

ಸಿದ್ದನ ತಾಯಿ ನೀಲವ್ವ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ಸಿದ್ದ ನನಗಿಂತ ಒಂದು ವರ್ಷ ಚಿಕ್ಕವನು. ಮೈ ನೋಡಿದರೆ ಮೂರು ವರ್ಷ ಚಿಕ್ಕವನಂತೆ ಕಾಣುತ್ತಿದ್ದ. ಗಬ್ಬೂರಿನವನು. ಅಲ್ಲಿಯ ಒಂದು ಮೊಬೈಲ್ ಅಂಗಡಿಗೆ ನುಗ್ಗಿದ ಹುಡುಗರಲ್ಲಿ ಅವನೂ ಇದ್ದ. ಕಾವಲುಗಾರನಿಗೆ ಪೆಟ್ಟಾಗಿತ್ತು. ಹೊಡೆದವನು ಸಿದ್ದನಲ್ಲ, ಆದರೆ ಇದ್ದದ್ದು ನಿಜ. ಪೊಲೀಸರು ಮನೆಗೆ ಬರಲಿಲ್ಲ. ನೀಲವ್ವನೇ ಅವನ ಕೈಹಿಡಿದು ಠಾಣೆಗೆ ಕರೆದುಕೊಂಡು ಹೋದಳು — ಗದರಿಸಿ ಬಿಡುತ್ತಾರೆ, ಹುಡುಗ ದಾರಿಗೆ ಬರುತ್ತಾನೆ ಎಂದು.

“ನಮ್ಮವ್ವ ಸಾಲಿಗೆ ಬಿಟ್ಟಂಗ ಠಾಣೇಕ ಬಿಟ್ಟು ಬಂದ್ಲಲೇ,” ಎಂದು ಸಿದ್ದ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “‘ಸರ, ಸ್ವಲ್ಪ ಹೆದರಿಸಿ ಕಳಸ್ರಿ’ ಅಂದ್ಲು. ಅವರು ಹೆದರಿಸಿದ್ರು, ಕಳಸೂದು ಮರತ್ರು.”

ಈ ನಗೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಅದರಲ್ಲಿ ಒಂದಿಷ್ಟೂ ಹುಳಿ ಇರಲಿಲ್ಲ. ತಾಯಿಯ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಅದನ್ನು ಕಂಡವನು ನಾನೊಬ್ಬನೇ. ಹೇಳದೆ ಉಳಿಸಿಕೊಂಡವನೂ ನಾನೊಬ್ಬನೇ.

ಸಿದ್ದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ. ಶಿಕ್ಷೆಯಾಗಿ ಹಾಕಿದ ಕೆಲಸ, ಅವನಿಗೆ ಹಬ್ಬವಾಯಿತು. ಮಧ್ಯಾಹ್ನದ ಹೊತ್ತು ಆ ಕಟ್ಟಡದಲ್ಲೆಲ್ಲ ಅವನ ಕೈಯ ಸದ್ದು. ಆ ಸದ್ದಿನ ನಡುವೆ ಅವನ ಮಾತು.

“ಬೈಪಾಸಿನ ಬಾಜೂಕ ಖಾನಾವಳಿ ಇಡ್ತೇನಿ ನೋಡು. ಲಾರಿಯವರಿಗೆ. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಅವ್ವ ಬಡೀತಾಳ, ನಾ ಬಡಸ್ತೇನಿ.”

“ಮತ್ತ ನಾನು?”

“ನೀ ಗಲ್ಲಾದ ಮ್ಯಾಲ.”

“ಬೈಕ್ ಕದ್ದಾಂವನ್ನ ಗಲ್ಲಾದ ಮ್ಯಾಲ ಕುಂಡ್ರಸ್ತಿ? ಮಂದಿ ನಗ್ತಾರಲೇ.”

“ನಗ್ಲಿ ಬಿಡು. ನಕ್ಕೋತ ಉಂಡ್ರ ಎರಡ ರೊಟ್ಟಿ ಜಾಸ್ತಿ ಹೋಗ್ತಾವು.” ಆಮೇಲೆ ಹಿಟ್ಟಿನ ಬೆರಳು ಎತ್ತಿ, ಬಹಳ ವಿಚಾರ ಮಾಡಿದವನಂತೆ: “ಬಾಗಲಾ ಮಾತ್ರ ಇಡೂದಿಲ್ಲ. ಬಾಗಲಾ ಇಟ್ರ ಚಿಲಕಾ ಬರತೈತಿ, ಚಿಲಕಾ ಬಂದ್ರ ಕೀಲಿ ಬರತೈತಿ.”

ನನಗೆ ನನ್ನದೆಂಬ ಆಸೆಯೇನೂ ಇರಲಿಲ್ಲ. ಹದಿನೆಂಟಾದ ಮೇಲೆ ಎಲ್ಲಿಗೆ ಹೋಗುವುದು ಎಂದು ಯಾರಾದರೂ ಕೇಳಿದ್ದರೆ ಗಬ್ಬೂರಿನ, ಇನ್ನೂ ಕಟ್ಟದ ಒಂದು ಖಾನಾವಳಿಯ ಗಲ್ಲಾದ ಹಿಂದಿನ ಸ್ಟೂಲನ್ನು ತೋರಿಸುತ್ತಿದ್ದೆ. ನನ್ನ ಭವಿಷ್ಯ ಅಷ್ಟಗಲವಿತ್ತು. ಅದೂ ಇನ್ನೊಬ್ಬನದು.

ಹಾಜರಿಯ ವಿಷಯ ಹೇಳಬೇಕು. ಪ್ರಾರ್ಥನೆ ಮುಗಿದ ಮೇಲೆ ನಮ್ಮನ್ನು ನೋಡಿಕೊಳ್ಳುವ ನಾಗಪ್ಪ ಕಾಕಾ ಬಾಗಿಲಲ್ಲಿ ನಿಂತು ಒಂದೊಂದೇ ಹೆಸರು ಕೂಗುತ್ತಿದ್ದರು. ಕಾಕಾನ ಕಣ್ಣು ಮಬ್ಬು, ಕಿವಿ ಬಹಳ ಚುರುಕು. ಯಾರಾದರೂ ಜ್ವರ ಬಂದು ಮಲಗಿದ್ದರೆ, ಪಾಯಖಾನೆಗೆ ಹೋಗಿದ್ದರೆ, ಅಳುತ್ತ ಮೂಲೆ ಸೇರಿದ್ದರೆ ಪಕ್ಕದವನು ಅವನ ಪರವಾಗಿ ‘ಹಾಜರ್ ರೀ’ ಅನ್ನಬೇಕು. ಅದು ನಮ್ಮ ನಮ್ಮಲ್ಲಿನ ಕಟ್ಟಳೆ. ಬರೀ ಅಂದರೆ ಸಾಲದು — ಅವನ ದನಿಯಲ್ಲೇ ಅನ್ನಬೇಕು, ಇಲ್ಲದಿದ್ದರೆ ಕಾಕಾ ಹಿಡಿಯುತ್ತಿದ್ದರು. ಆ ಮನೆಯಲ್ಲಿ ನಾವು ಒಬ್ಬರಿಗೊಬ್ಬರು ಮಾಡಬಹುದಾಗಿದ್ದ ದೊಡ್ಡ ಉಪಕಾರ ಅದು. ಸಿದ್ದನ ಗಂಟಲು ಆಗಷ್ಟೇ ಒಡೆಯುತ್ತಿತ್ತು. ‘ಹಾಜರ್’ ದಪ್ಪಗೆ ಬಂದು ‘ರೀ’ ಎಂಬಲ್ಲಿ ಸೀಳಿ ಮೇಲೆ ಹಾರುತ್ತಿತ್ತು. ಎಲ್ಲರೂ ಅದನ್ನು ಅಣಕಿಸಲು ನೋಡುತ್ತಿದ್ದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬರುತ್ತಿದ್ದದ್ದು ನನಗೆ. ಕಲಿಸಿದವನು ಸಿದ್ದನೇ. “ರೀ ಅನ್ನೂಮುಂದ ಗಂಟಲಾ ಸಡ್ಲ ಬಿಡಲೇ,” ಎಂದು.

ಇನ್ನು ನೀರು. ಧಾರವಾಡದಲ್ಲಿ ನೀರು ಎಂದರೆ ನಳದಲ್ಲಿರುವುದಲ್ಲ, ಬರುವುದು. ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಬರುತ್ತಿತ್ತು. ಬಂದಾಗ ಹಿಡಿದಿಡಲು ಆ ಟಾಕಿ. ಎರಡಾಳು ಆಳ, ಮೇಲೆ ಒಬ್ಬನೇ ಹುಡುಗ ಇಳಿಯುವಷ್ಟು ಬಾಯಿ. ನೀರು ಬರುವ ಹಿಂದಿನ ಸಂಜೆ ಅದನ್ನು ತೊಳೆಯುವ ರೂಢಿ. ಮೈ ಚಿಕ್ಕದಿದ್ದವನು ನಿಚ್ಚಣಿಕೆಯಿಂದ ಇಳಿದು ಬ್ಲೀಚಿಂಗ್ ಪುಡಿ ಹಾಕಿ ಗೋಡೆ ತಿಕ್ಕುತ್ತಾನೆ. ಇನ್ನೊಬ್ಬ ಮೇಲೆ ನಿಂತು ಹಗ್ಗದಲ್ಲಿ ಬಕೆಟ್ ಎಳೆದು ಕೊಳೆನೀರು ಚೆಲ್ಲುತ್ತಾನೆ. ಮೇಲಿನವನ ಕೆಲಸಕ್ಕೆ ‘ಬಾಯಿ ಕಾಯೂದು’ ಎನ್ನುತ್ತಿದ್ದೆವು. ಬಾಯಿ ಕಾಯುವವನು ಅಲ್ಲಿಂದ ಕದಲಬಾರದು. ಒಳಗೆ ಪುಡಿ ಬಿದ್ದ ಮೇಲೆ ಮುಚ್ಚಳ ಹಾಕಲೇಬಾರದು, ಘಾಟಿಗೆ ಉಸಿರು ಕಟ್ಟುತ್ತದೆ. ಇದು ನನಗೆ ಗೊತ್ತಿತ್ತೇ? ಗೊತ್ತಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಕಾಕಾ ಪ್ರತಿ ಸಲ ಹೇಳುತ್ತಿದ್ದರು. ಗೊತ್ತಿತ್ತು.

ಇಳಿಯುವವನು ಯಾವಾಗಲೂ ಸಿದ್ದ. ಬಾಯಿ ಕಾಯುವವನು ಯಾವಾಗಲೂ ನಾನು.

ಆ ದಿನ. ಮರುದಿನ ಬೆಳಿಗ್ಗೆ ಸಿದ್ದನನ್ನು ಬಾಲನ್ಯಾಯ ಮಂಡಳಿಯ ಮುಂದೆ ಕರೆದೊಯ್ದು ತಾಯಿಯ ವಶಕ್ಕೆ ಕೊಡುವುದೆಂದು ಗೊತ್ತಾಗಿತ್ತು. ಕೊನೆಯ ಸಲ ಟಾಕಿ ತೊಳೆಯುತ್ತಿದ್ದಾನೆ ಎಂಬ ಹುರುಪಿನಲ್ಲಿ ಅವನು ಏನೇನೋ ಮಾತಾಡುತ್ತಿದ್ದ. ಕೆಳಗಿನಿಂದ ಬರುವ ಮಾತು ದೊಡ್ಡದಾಗಿ, ಗೋಡೆಗೆ ತಾಗಿ ಎರಡೆರಡಾಗಿ ಕೇಳಿಸುತ್ತಿತ್ತು. ಒಮ್ಮೆಲೇ ಬ್ರಶ್ಶಿನ ಸದ್ದು ನಿಂತಿತು.

“ಲೇ ಪಕ್ಯಾ, ಒಂದ್ ಮಾತು. ಆ ಗಲ್ಲಾ-ಗಿಲ್ಲಾ ಅಂದಿದ್ನೆಲ್ಲಾ... ಬಿಟ್ಟಬಿಡು ಅದನ್ನ. ಅವ್ವ ಬ್ಯಾಡ ಅಂದಾಳ. ಇಲ್ಲೀ ಹುಡುಗರ್ನ ಮನಿಗೆ ಹಚ್ಚಗೋಬ್ಯಾಡ ಅಂದಾಳ.”

“ಆತು ಬಿಡು,” ಎಂದೆ.

ಬಕೆಟ್ ಎಳೆದುಕೊಂಡೆ. ಆಮೇಲೆ ನಿಚ್ಚಣಿಕೆಯನ್ನೂ ಎಳೆದುಕೊಂಡೆ.

ಇಲ್ಲಿಂದ ಮುಂದೆ ನನ್ನ ನೆನಪು ಬೇರೆ ಬೇರೆ ಕಥೆ ಹೇಳುತ್ತದೆ. ಒಂದರಲ್ಲಿ ಅದು ಚೇಷ್ಟೆ. ಸಿದ್ದನೂ ಕೆಳಗೆ ನಗುತ್ತಿದ್ದಾನೆ. ಇನ್ನೊಂದರಲ್ಲಿ ಪ್ರಾರ್ಥನೆಯ ಸೀಟಿ ಊದುತ್ತದೆ, ಯಾರಾದರೂ ಕಾಲು ಜಾರಿ ಬಿದ್ದಾರೆಂದು ನಾನು ಅವಸರದಲ್ಲಿ ಮುಚ್ಚಳ ಎಳೆಯುತ್ತೇನೆ. ಸೀಟಿ ಊದಿದ್ದು ನಿಜ. ಆದರೆ ಮುಚ್ಚಳ ಕಬ್ಬಿಣದ್ದು. ಒಬ್ಬನೇ ಎಳೆಯಬೇಕಾದರೆ ಎರಡೂ ಕಾಲೂರಿ, ಬೆನ್ನು ಬಗ್ಗಿಸಿ, ಹಲ್ಲು ಕಚ್ಚಬೇಕು. ಅಷ್ಟು ಕಷ್ಟದ ಕೆಲಸ ಅರಿಯದೆ ಆಗುವುದಿಲ್ಲ. ನನ್ನ ತಲೆ ಏನಾದರೂ ಹೇಳಲಿ, ನನ್ನ ಬೆನ್ನಿಗೆ ಆ ಭಾರದ ನೆನಪಿದೆ. ಬೆನ್ನು ಸುಳ್ಳು ಹೇಳುವುದನ್ನು ಇನ್ನೂ ಕಲಿತಿಲ್ಲ.

“ಲೇ ಪಕ್ಯಾ, ಬೆಳಕ ಯಾಕ ಹೋತು?” — ಕೊನೆಯದಾಗಿ ಕೇಳಿದ್ದು ಇದು.

ಸಾಯಲಿ ಎಂದುಕೊಂಡೆನೇ? ಇಲ್ಲ. ಇಲ್ಲ ಎಂದೇ ನಂಬಿದ್ದೇನೆ. ನಾಳೆ ಹೊರಗೆ ಹೋಗುವವನು ಪ್ರಾರ್ಥನೆ ಮುಗಿಯುವವರೆಗೆ ಕತ್ತಲೆಯಲ್ಲಿ ಕುಳಿತಿರಲಿ, ಕರೆಯಲಿ, ಬೇಡಿಕೊಳ್ಳಲಿ — ಅಷ್ಟೇ ಇತ್ತು. ಅಷ್ಟೇ ಎಂದು ಬರೆಯುವಾಗಲೂ ಕೈ ತಡೆಯುತ್ತದೆ.

ಪ್ರಾರ್ಥನೆಯಲ್ಲಿ ನಾನು ಎಲ್ಲರಿಗಿಂತ ಜೋರಾಗಿ ಹಾಡಿದೆ. ಆಮೇಲೆ ಹಾಜರಿ. ಒಂದೊಂದೇ ಹೆಸರು ಹತ್ತಿರ ಬಂತು. ಸಿದ್ದ ಇಲ್ಲವೆಂದರೆ ಹುಡುಕುತ್ತಾರೆ, ಹುಡುಕಿದರೆ ಮುಚ್ಚಳ ತೆಗೆಯುತ್ತಾರೆ, ತೆಗೆದರೆ ಬಾಯಿ ಕಾಯುತ್ತಿದ್ದವನು ಯಾರೆಂದು ಕೇಳುತ್ತಾರೆ.

“ಸಿದ್ದಪ್ಪ.”

“ಹಾಜರ್ ರೀ.”

“ಏನೋ ಸಿದ್ದ್ಯಾ, ನಾಳಿ ಹೊಂಟಿ ಅಂತ ಇವತ್ತ ದನಿ ಮುಗಲಿಗೆ ಏರೇತಲ್ಲೋ!” ಎಂದರು ಕಾಕಾ. ಎಲ್ಲರೂ ನಕ್ಕರು. ಪಕ್ಕದವರಿಗೆ ಗೊತ್ತಿತ್ತು, ಅದು ನನ್ನ ಕೈಚಳಕವೆಂದು. ಅವರ ಲೆಕ್ಕದಲ್ಲಿ ಸಿದ್ದ ಪಾಯಖಾನೆಯಲ್ಲಿದ್ದ. ನಾನೂ ನಕ್ಕೆ. ಆ ಉಪಕಾರದ ಕಟ್ಟಳೆ ಯಾರನ್ನೂ ಪ್ರಶ್ನೆ ಕೇಳಲು ಬಿಡುವಂಥದ್ದಲ್ಲ.

ಊಟಕ್ಕೆ ಹೋಗುವಾಗ ಹಿಂದೆ ಓಡಿ ಮುಚ್ಚಳ ತೆಗೆಯುವುದೆಂದಿದ್ದೆ. ಸಾಲಿನಲ್ಲಿ ನಿಲ್ಲಿಸಿದರು. ತಾಟು ಕೊಟ್ಟರು. ಕುಳಿತೆವು. ಆಗ ಅಂಗಳದಿಂದ ಯಾರೋ ಕೂಗಿದರು — “ನಳಾ ಬಂತೋ!”

ಮರುದಿನ ಬರಬೇಕಾಗಿದ್ದ ನೀರು ಆ ದಿನವೇ ಬಂದಿತ್ತು. ಹುಡುಗರೆಲ್ಲ ತಾಟು ಬಡಿದು ಹೋ ಎಂದರು. ನೀರು ಬಂದದ್ದಕ್ಕೆ ಹೀಗೆ ಕುಣಿಯುವುದು ನಮ್ಮೂರಿನವರಿಗೇ ತಿಳಿಯುವ ಸಂತೋಷ. ಕಾಕಾ ನನ್ನ ಬಳಿ ಬಂದರು.

“ದೇವರು ದೊಡ್ಡಾಂವ ನೋಡೋ. ಟಾಕಿ ತೊಳದು ಮುಗಿಸೀರಿಲ್ಲೋ?”

“ಮುಗಿಸೇವ್ರಿ, ಕಾಕಾ.”

ಇಡೀ ಬದುಕಿನಲ್ಲಿ ನನಗೆ ಸಿಕ್ಕ ಅತಿ ಸುಲಭದ ಪ್ರಶ್ನೆ ಅದು. ಬಡಿಸುವ ಹುಡುಗ “ಸಿದ್ದ್ಯಾ ಎಲ್ಲಿ?” ಎಂದ. “ಹೊಟ್ಟಿ ನೋವಂತ, ಮಲಗ್ಯಾನ,” ಎಂದೆ. “ಹಂಗಾದ್ರ ಅವನ ಪಾಲಿಂದೂ ನೀನಽ ತಿನ್ನು,” ಎಂದು ಅವನ ರೊಟ್ಟಿಗಳನ್ನು ನನ್ನ ತಾಟಿಗೆ ಹಾಕಿದ. ಮಧ್ಯಾಹ್ನ ಸಿದ್ದನೇ ಬಡಿದ ರೊಟ್ಟಿ. ಅಂಚಿನಲ್ಲಿ ಅವನ ಬೆರಳಿನ ಗುರುತು. ಕೊಳವೆಯಲ್ಲಿ ನೀರು ಓಡುವ ಸದ್ದು ಗೋಡೆಯಲ್ಲಿ ಕೇಳುತ್ತಿತ್ತು. ನಾನು ತಿಂದೆ. ಪೂರ್ತಿ ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಇಳಿಯಿತು.

ತಾಟು ತೊಳೆಯುವ ನೆಪದಲ್ಲಿ ಹಿಂದೆ ಹೋದೆ. ಮುಚ್ಚಳವನ್ನು ಅರ್ಧ ಸರಿಸಿದೆ. ಘಾಟು ಕಣ್ಣಿಗೆ ಹೊಡೆಯಿತು. ಒಳಗೆ ನೀರು ನೀರಿನ ಮೇಲೆ ಬೀಳುತ್ತಿತ್ತು. ಬೇರೆ ಸದ್ದಿಲ್ಲ. ಅವನ ಹೆಸರು ಹಿಡಿದು ಕರೆದೆ — ಎಂದು ಬರೆಯಹೊರಟೆ. ಕರೆಯಲಿಲ್ಲ. ಕರೆದರೆ ಉತ್ತರ ಬಂದೀತೆಂದು ಹೆದರಿದೆನೋ, ಬರಲಾರದೆಂದು ಹೆದರಿದೆನೋ, ಇವತ್ತಿಗೂ ಬಗೆಹರಿದಿಲ್ಲ. ಮುಂದಿನ ಅಂಗಳದಲ್ಲಿ ಕಾಕಾ ಇದ್ದರು, ಅಷ್ಟೆಲ್ಲ ಹುಡುಗರಿದ್ದರು. ಒಂದು ಕೂಗು ಸಾಕಿತ್ತು. ಕೂಗಿದ್ದರೆ ಬದುಕುತ್ತಿದ್ದನೇ? ಗೊತ್ತಿಲ್ಲ. ಈ ‘ಗೊತ್ತಿಲ್ಲ’ದೊಳಗೆ ನಾನು ಬಹಳ ವರ್ಷ ಬೆಚ್ಚಗೆ ಕುಳಿತಿದ್ದೇನೆ.

ಕೂಗುವ ಬದಲು ನಿಚ್ಚಣಿಕೆಯನ್ನು ಹೊತ್ತುಕೊಂಡು ಹೋಗಿ ಹಿತ್ತಲಿನ ಕಾಂಪೌಂಡಿಗೆ ಒರಗಿಸಿದೆ.

ಯಾರೂ ಹೇಳಿಕೊಟ್ಟಿರಲಿಲ್ಲ. ಕೈ ತಾನೇ ಮಾಡಿತು. ಇಲ್ಲ — ಮತ್ತೆ ತಪ್ಪಿದೆ. ಕೈ ತಾನೇ ಏನನ್ನೂ ಮಾಡುವುದಿಲ್ಲ. ನಾನು ಮಾಡಿದೆ.

ಮಲಗುವ ಮುನ್ನ ನಿಚ್ಚಣಿಕೆ ಕಾಕಾನ ಕಣ್ಣಿಗೆ ಬಿತ್ತು. ಎಲ್ಲರೂ ಗೋಡೆಯಾಚೆ ಹುಡುಕಿದರು. ಪೊಲೀಸರು ಗಬ್ಬೂರಿಗೆ ಹೋಗಿ ನೀಲವ್ವನ ಮನೆಯನ್ನು ಜಾಲಾಡಿದರು. ಮಗ ಬರುವನೆಂದು ಅವಳು ನೆಲ ಸಾರಿಸಿ ಇಟ್ಟಿದ್ದಳಂತೆ. ಬೆಳಿಗ್ಗೆ ಅಡುಗೆಯಾಕೆ ನೀರಿಗೆಂದು ಟಾಕಿಯ ಬಳಿ ಬಂದಳು. ಅವಳ ಕೂಗು ನನಗೆ ನೆನಪಿ— ಅದನ್ನು ಬರೆಯುವುದಿಲ್ಲ.

ಸಾಹೇಬರು, ಎಂದರೆ ಆ ಮನೆಯ ಮುಖ್ಯಾಧಿಕಾರಿ, ನನ್ನನ್ನು ಕೋಣೆಗೆ ಕರೆಸಿದರು. ನೀಲವ್ವ ಆಗಷ್ಟೇ ಬಂದು ಪಡಸಾಲೆಯ ಕಿಟಕಿಯ ಕೆಳಗೆ ಕುಳಿತಿದ್ದಳು. ಕಿಟಕಿ ತೆರೆದಿತ್ತು. ಅವಳ ಸೆರಗಿನ ಅಂಚು ನನಗೆ ಕಾಣುತ್ತಿತ್ತು.

“ನೀ ಅವನ ಜೋಡಿ ಇರಾಂವ. ಓಡಿ ಹೋಗೂ ವಿಚಾರ ಇತ್ತೇನೋ ಅವಂಗ?”

“ಇತ್ರೀ, ಸಾಹೇಬ್ರ. ಮನಿಗೆ ಹೋಗಾಕ ಒಲ್ಲೆ ಅಂತಿದ್ದ.”

ಮೊದಲನೆಯ ವಾಕ್ಯವೇ ಸಾಕಿತ್ತು. ಎರಡನೆಯದನ್ನು ಯಾಕೆ ಸೇರಿಸಿದೆ? ಸಾಹೇಬರು ಕೇಳಿರಲಿಲ್ಲ. ಕಿಟಕಿಯ ಕೆಳಗಿನ ಸೆರಗಿಗೆ ಅದನ್ನು ಹೇಳಿದೆ. ಸಿದ್ದನನ್ನು ಕೊಂದದ್ದು ಟಾಕಿಯಲ್ಲಿ; ನೀಲವ್ವನನ್ನು ಆ ಕೋಣೆಯಲ್ಲಿ.

“ಹಾಜರಿ ಕೊಟ್ಟಾನ್ರೀ, ನನ್ನ ಕಿವೀಲೆ ಕೇಳೇನಿ,” ಎಂದರು ಕಾಕಾ. ನಮ್ಮ ಕಟ್ಟಳೆ ಬಯಲಾದೀತೆಂದು ಪಕ್ಕದ ಹುಡುಗರೂ ಹೌದೆಂದರು. ಹಾಜರಿಯ ನಂತರ ಗೋಡೆ ಹತ್ತಲು ಹೋದ, ಯಾರೋ ಬಂದರೆಂದು ಟಾಕಿಯಲ್ಲಿ ಅಡಗಿದ, ನೀರು ಬಂತು. ಎಲ್ಲರಿಗೂ ಹೊಂದುವ ಕಥೆ. ಆದರೆ ಆಮೇಲೆ ಕಾಕಾ ಬದಲಾದರು. ಪ್ರತಿ ಸಂಜೆ ನನ್ನ ಹೆಸರು ಕೂಗಿ, ನಾನು ಹಾಜರ್ ಎಂದ ಮೇಲೂ, ಹತ್ತಿರ ಬಂದು ಮುಖಕ್ಕೆ ಮುಖ ತಂದು ಮಬ್ಬುಗಣ್ಣಿನಿಂದ ನೋಡುತ್ತಿದ್ದರು. ಆಮೇಲೆ ಮುಂದಿನವನ ಹೆಸರಿಗೆ ಹೋಗುತ್ತಿದ್ದರು.

ನನ್ನ ಭವಿಷ್ಯ ಅಲ್ಲಿಂದ ಶುರುವಾಯಿತು. ನಿಜ ಹೇಳುವ ಹುಡುಗನೆಂದು ಸಾಹೇಬರಿಗೆ ನನ್ನ ಮೇಲೆ ವಿಶ್ವಾಸ ಹುಟ್ಟಿತು. ಅವರ ಶಿಫಾರಸಿನಿಂದ ಐಟಿಐ, ಅಲ್ಲಿಂದ ತಾರಿಹಾಳದ ಒಂದು ಸಣ್ಣ ಕಾರಖಾನೆ. ಈಗ ನನ್ನ ಕೈಕೆಳಗೆ ಹತ್ತಾರು ಜನ. ಟ್ಯಾಂಕು ತೊಳೆಯಲು ಯಾರಾದರೂ ಒಳಗಿಳಿದರೆ ಬಾಯಿಯ ಬಳಿ ಒಬ್ಬನನ್ನು ನಿಲ್ಲಿಸಲೇಬೇಕೆಂಬ ನಿಯಮ ನಮ್ಮಲ್ಲಿದೆ. ಯಾರನ್ನು ನಿಲ್ಲಿಸಬೇಕು, ಯಾರು ನಂಬಿಕಸ್ಥ ಎಂದು ತೀರ್ಮಾನಿಸುವವನು ನಾನು.

ಬೈಪಾಸಿನ ಬದಿಯಲ್ಲಿ ಒಬ್ಬ ಮುದುಕಿಯ ಖಾನಾವಳಿ ಇದೆ, ರೊಟ್ಟಿ ಛಲೋ ಇರುತ್ತದೆ ಎಂದು ನಮ್ಮ ಲಾರಿ ಚಾಲಕನೊಬ್ಬ ಹೇಳಿದ. ಹೋಗಬಾರದೆಂದುಕೊಂಡೇ ಹೋದೆ. ತಗಡಿನ ಛಪ್ಪರ, ಎರಡು ಬೆಂಚು, ಒಲೆಯ ಮುಂದೆ ನೀಲವ್ವ. ಬೋಳುತಲೆಯ ಹುಡುಗನಾಗಿ ನನ್ನನ್ನು ಕಂಡವಳಿಗೆ ಈ ಗಡ್ಡದಲ್ಲಿ ಗುರುತು ಹತ್ತಲಿಲ್ಲ. ಛಪ್ಪರಕ್ಕೆ ಬಾಗಿಲಿರಲಿಲ್ಲ. ಸಿದ್ದ ಇವಳಿಗೂ ಹೇಳಿದ್ದನೇ?

“ಬಾಗಲಾ ಇಲ್ಲಲ್ಲವ್ವಾ?” ಎಂದೆ.

“ಏನ್ ಕದ್ದೊಯ್ತಾರಪಾ ಇಲ್ಲೆ? ಒಲೀ ಬೂದಿ?”

ಅಷ್ಟೇ ಇರಬಹುದು. ಎಲ್ಲದಕ್ಕೂ ಅರ್ಥ ಹೊಲಿಯುವ ಚಟ ನನ್ನದು.

ಅಂದಿನಿಂದ ವಾರಕ್ಕೊಮ್ಮೆ ಹೋಗುತ್ತೇನೆ. ಚಾಲಕರು ಅವಳನ್ನು ಕೆಣಕುತ್ತಾರೆ: “ಸಾವಕಾಶ ಬಡಿಯವ್ವಾ, ಬೈಪಾಸ್ ನಡಗಾಕತ್ತೈತಿ!” “ನಿನ್ನ ಗಾಡೀ ಬ್ರೇಕಿಗಿಂತ ನನ್ನ ಕೈ ಗಟ್ಟಿ ಅದಾವು, ಸುಮ್ನ ತಿನ್ನು,” ಎನ್ನುತ್ತಾಳೆ ಅವಳು. ಹೊಸಬರು ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ ಮುಚ್ಚಿಡುವುದಿಲ್ಲ. ಬದನೆಕಾಯಿಯ ಧಾರಣೆ ಹೇಳುವಂತೆ ಹೇಳಿಬಿಡುತ್ತಾಳೆ:

“ಒಬ್ಬ ಇದ್ದ. ರಿಮ್ಯಾಂಡ್ ಹೋಮಿನಿಂದ ಓಡಿ ಹೋಗಾಕ ಹೋಗಿ ಸತ್ತ. ನಾಳಿ ಬಿಡೋರಿದ್ರು. ನಾಳಿ! ಒಂದಿನ ತಡೀಲಿಲ್ಲ. ನಾನಽ ಠಾಣೇಕ ಕೊಟ್ಟು ಬಂದಾಕಿ, ಆ ಸಿಟ್ಟು. ನನ್ನ ಮಾರಿ ನೋಡೂದು ಬ್ಯಾಡಾಗಿತ್ತು ಅವಂಗ.”

ಅವಳು ಮತ್ತೆ ರೊಟ್ಟಿ ಬಡಿಯುತ್ತಾಳೆ. ನಾನು ಉಂಡು, ಕೈತೊಳೆದು, ಎದ್ದು ಬರುತ್ತೇನೆ. ಅವಳ ಮಗ ಅವಳನ್ನು ನೆನೆದು ನಗುತ್ತಿದ್ದ, ಅವಳ ಪಕ್ಕದಲ್ಲಿ ನಿಂತು ಬಡಿಸುವ ದಿನಕ್ಕೆ ಕಾಯುತ್ತಿದ್ದ ಎಂಬ ಮಾತು ನನ್ನ ಹೊಟ್ಟೆಯಲ್ಲಿ ಅವಳ ರೊಟ್ಟಿಯ ಕೆಳಗೆ ಬಿದ್ದಿರುತ್ತದೆ.

ಹೋದ ವಾರ ನನಗೆ ನೆಗಡಿಯಾಗಿ ಗಂಟಲು ಕಟ್ಟಿತ್ತು. ಒಲೆಯ ಕಡೆ ಮುಖ ಮಾಡಿಕೊಂಡೇ ನೀಲವ್ವ ಕೂಗಿದಳು — “ಕೊನೀ ರೊಟ್ಟಿ ಯಾರಿಗ್ರೋ?”

“ನನಗ್ ರೀ,” ಎಂದೆ.

‘ರೀ’ ಸೀಳಿತು. ಸೀಳಿ ಮೇಲೆ ಹಾರಿತು.

ಅವಳ ಕೈ ಹಿಟ್ಟಿನ ಮೇಲೆ ನಿಂತಿತು. ಬೈಪಾಸಿನಲ್ಲಿ ಗಾಡಿಗಳು ಓಡುತ್ತಲೇ ಇದ್ದವು, ಆದರೆ ಆ ಕೈ ನಿಂತಿತು. ಅವಳು ತಿರುಗಲಿಲ್ಲ.

“ಇನ್ನೊಮ್ಮೆ ಅನ್ನು, ಯಪ್ಪಾ,” ಎಂದಳು.

ನಾನು ಎದ್ದು ಹೊರಗೆ ಬಂದೆ. ಓಡಿದೆ. ತಡೆಯಲು ಬಾಗಿಲಿರಲಿಲ್ಲ. ಕೈ ನಿಜವಾಗಿ ನಿಂತಿತೇ? ಉರಿ ಕಡಿಮೆಯಾಯಿತೆಂದು ನಿಲ್ಲಿಸಿದ್ದಳೇ? ಇರಬಹುದು. ಆದರೆ ಈ ಸಲ ನಾನು ನೆನಪನ್ನು ಅಡ್ಡ ಸವಾಲಿಗೆ ನಿಲ್ಲಿಸುವುದಿಲ್ಲ. ಅದು ನಿಂತಿತು.

ನಾಳೆ ಬೆಳಿಗ್ಗೆ, ಚಾಲಕರು ಬರುವ ಮೊದಲು, ಗಬ್ಬೂರಿಗೆ ಹೋಗುತ್ತೇನೆ. ಅವಳಿಗೆ ಓದಲು ಬರುವುದಿಲ್ಲ, ಹಾಗಾಗಿ ಈ ಬರಹದ ಹಿಂದೆ ನಾನು ಅಡಗುವಂತಿಲ್ಲ. ಮುಚ್ಚಳ, ಹಾಜರಿ, ತಿಂದ ರೊಟ್ಟಿ, ಗೋಡೆಗೆ ಒರಗಿಸಿದ ನಿಚ್ಚಣಿಕೆ, ಕಿಟಕಿಯ ಬಳಿ ಆಡಿದ ಮಾತು — ಬಾಯಿಂದಲೇ ಹೇಳಬೇಕು. ಸಿದ್ದನ ನಗೆಯನ್ನು, ಬಾಗಿಲಿಲ್ಲದ ಖಾನಾವಳಿಯನ್ನು ಅವಳಿಗೆ ಒಪ್ಪಿಸಬೇಕು. ಆಮೇಲೆ ಠಾಣೆ. ಅಲ್ಲಿಗೆ ನನ್ನನ್ನು ಕೈಹಿಡಿದು ಯಾರೂ ಕರೆದೊಯ್ಯಬೇಕಾಗಿಲ್ಲ.

ಒಂದನ್ನು ಮಾತ್ರ ಹೇಳುವುದಿಲ್ಲ. ‘ಅವ್ವ ಬ್ಯಾಡ ಅಂದಾಳ’ ಎಂಬುದನ್ನು. ಅದನ್ನು ನೀಲವ್ವ ನಿಜಕ್ಕೂ ಅಂದಿದ್ದಳೋ, ನನ್ನಿಂದ ಕಳಚಿಕೊಳ್ಳಲು ಸಿದ್ದನೇ ಕಟ್ಟಿದನೋ, ಅಥವಾ ಒಂದು ಕಾರಣ ಬೇಕೆಂದು ವರ್ಷಗಳ ನಂತರ ನಾನೇ ಅವನ ಬಾಯಿಗೆ ತುರುಕಿದೆನೋ — ಆಣೆ ಮಾಡಿ ಹೇಳಲಾರೆ. ಅಂದಿದ್ದರೂ ಅದು ತಾಯಿಯ ಮಾತು, ತಪ್ಪಲ್ಲ. ಹೇಳಿದರೆ ನನ್ನ ಭಾರದ ಅರ್ಧ ಅವಳ ತಲೆಯ ಮೇಲೆ ಇಳಿಯುತ್ತದೆ. ಮಗನನ್ನು ಠಾಣೆಗೆ ಕೊಟ್ಟು ಬಂದ ಅಪರಾಧದ ಜಾಗದಲ್ಲಿ ಇನ್ನೊಂದು ಅಪರಾಧ ಅವಳಿಗೆ ಸಿಗುತ್ತದೆ. ನಾನಿಲ್ಲಿ ಹೆಸರುಗಳನ್ನು ಬದಲಿಸಿದ್ದೇನೆ. ಆದರೂ ಓದಿದವರು ಯಾರಾದರೂ ಆ ಛಪ್ಪರವನ್ನು ಹುಡುಕಿಕೊಂಡು ಹೋದರೆ ಉಂಡು ಬನ್ನಿ, ಆ ಮಾತನ್ನು ಆಡಬೇಡಿ.

ಎಲ್ಲ ಕೇಳಿದ ಮೇಲೆ ಅವಳು ಒಂದೇ ಒಂದು ಪ್ರಶ್ನೆ ಕೇಳುತ್ತಾಳೆ, ನನಗೆ ಗೊತ್ತು.

“ಯಾಕಪಾ?”

ಅದಕ್ಕೆ ನನ್ನಲ್ಲಿ ಉತ್ತರ ಇರುತ್ತದೆ. ಕೊಡದೆ, ಅವಳ ಮುಂದೆ ನಿಲ್ಲುತ್ತೇನೆ.